ದಾನಿಗಳಿಗೆ ಮುಂದಿನ ಸಾಲು ಯಾಕೆ? ಆಧ್ಯಾತ್ಮಿಕ ಸಂಸ್ಥೆಗಳನ್ನು ನಡೆಸುವವರಿಗೆ ಒಂದು ಬಹಿರಂಗ ಪತ್ರ

ಪೂಜ್ಯ ಗುರುಗಳೇ, ಮಾನ್ಯ ಪದಾಧಿಕಾರಿಗಳೇ,

ಗೌರವದ ನಮಸ್ಕಾರಗಳು.

ಈ ಪತ್ರ ಯಾವುದೋ ಒಂದು ಸಂಸ್ಥೆಗೆ ಬರೆದದ್ದಲ್ಲ. ಯಾವ ಮತದವರಾದರೂ ಸರಿ, ವೇದಿಕೆಯ ಮೇಲೆ ಕೂತು ಜನರಿಗೆ ಒಳಗಿನ ದಾರಿ ತೋರಿಸುವವರಿಗೆ, ಆ ವೇದಿಕೆಯನ್ನು ನಡೆಸುವವರಿಗೆ ಬರೆದದ್ದು. ನಾನು ಶಾಸ್ತ್ರ ಓದಿದ ಪಂಡಿತನಲ್ಲ. ನಿಮ್ಮ ಮಾತು ಕೇಳಲು ಬಂದು ಹಿಂದಿನ ಸಾಲುಗಳಲ್ಲಿ ಕೂರುವ ಒಬ್ಬ ಕೇಳುಗ. ನಿಮ್ಮಿಂದ ಕಲಿತದ್ದು ಬಹಳ ಇದೆ. ಹಾಗಾಗಿಯೇ ಈ ಮಾತನ್ನು ಬೆನ್ನ ಹಿಂದೆ ಆಡಲು ಮನಸ್ಸು ಒಪ್ಪಲಿಲ್ಲ.

ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇನೆ. ಒಂದು ಸಂಜೆ ಪ್ರವಚನವಿತ್ತು. ಅಂದಿನ ವಿಷಯ ವಿವೇಕ. ಮನುಷ್ಯ ಏನನ್ನೆಲ್ಲ ತನ್ನದು ಎಂದು ಹಿಡಿದುಕೊಂಡಿದ್ದಾನೆ, ಅದರಲ್ಲಿ ನಿಜವಾಗಿ ಅವನ ಜೊತೆ ಉಳಿಯುವುದು ಎಷ್ಟು ಎಂಬ ಮಾತು. ವಯಸ್ಸಾದ ಒಬ್ಬ ತಾಯಿ ಬೇಗ ಬಂದು ಮೊದಲ ಸಾಲಿನಲ್ಲಿ ಕೂತಿದ್ದರು. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಸ್ವಯಂಸೇವಕನೊಬ್ಬ ಬಂದು, "ಅಮ್ಮಾ, ಇದು ದಾನಿಗಳ ಜಾಗ, ಸ್ವಲ್ಪ ಹಿಂದೆ ಕೂತ್ಕೊಳ್ಳಿ" ಎಂದ. ಒರಟಾಗೇನೂ ಹೇಳಲಿಲ್ಲ. ಆ ಹುಡುಗನಿಗೆ ವಹಿಸಿದ್ದ ಕೆಲಸ ಅದು. ಅವರು ಎದ್ದು ಹೋದರು. ಆ ಕುರ್ಚಿಗಳು ತುಂಬಾ ಹೊತ್ತು ಖಾಲಿಯೇ ಇದ್ದವು. ಪ್ರವಚನ ಅರ್ಧಕ್ಕೆ ಬಂದಾಗ ಒಂದು ಕುಟುಂಬ ಬಂತು. ಮಾತು ನಿಂತಿತು. ಮೈಕಿನಲ್ಲಿ ಅವರ ಹೆಸರು ಹೇಳಿದರು, ಕೊಟ್ಟ ಮೊತ್ತ ಹೇಳಿದರು, ನಮಗೆಲ್ಲ ಚಪ್ಪಾಳೆ ತಟ್ಟಲು ಹೇಳಿದರು. ಆಮೇಲೆ ಪ್ರವಚನ ಮುಂದುವರಿಯಿತು.

ಅಲ್ಲಿ ಕೂತಿದ್ದ ಮಕ್ಕಳು ಅವತ್ತು ಏನು ಕಲಿತು ಹೋಗಿರುತ್ತಾರೆ? ಕಿವಿಗೆ ಬಿದ್ದದ್ದು ಒಂದು, ಕಣ್ಣಿಗೆ ಬಿದ್ದದ್ದು ಇನ್ನೊಂದು. ಮಕ್ಕಳು ಕಣ್ಣಿಗೆ ಬಿದ್ದದ್ದನ್ನೇ ನಂಬುತ್ತಾರೆ. ದೊಡ್ಡವರೂ ಅಷ್ಟೇ.

ಇದಕ್ಕಿಂತ ನನ್ನನ್ನು ಜಾಸ್ತಿ ಕಾಡಿದ್ದು ಬೇರೊಂದು ಸಂಗತಿ. ಬಹಳ ಕಾಲ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಒಬ್ಬರ ವ್ಯವಹಾರ ಕುಸಿಯಿತು. ಅವರು ಬರುವುದನ್ನೇ ನಿಲ್ಲಿಸಿಬಿಟ್ಟರು. ಯಾರೂ ಅವರನ್ನು ಬರಬೇಡಿ ಎಂದಿರಲಿಲ್ಲ. ಹೊರಗೆ ಸಿಕ್ಕಾಗ ಕೇಳಿದೆ. "ಈಗ ಯಾವ ಮುಖ ಇಟ್ಕೊಂಡು ಬರಲಿ?" ಎಂದರು. ಯೋಚಿಸಿ ನೋಡಿ. ಬಂದದ್ದು ಹೋಗುತ್ತದೆ, ಅದು ಹೋದಾಗ ನೀನು ಹೋಗುವುದಿಲ್ಲ ಎಂಬ ಮಾತನ್ನು ಅವರು ಅಷ್ಟು ವರ್ಷ ಹತ್ತಿರದಲ್ಲೇ ಕೂತು ಕೇಳಿದ್ದರು. ಆ ಮಾತು ಬೇಕಾದ ಹೊತ್ತು ಬಂದಾಗ ಅವರಿಗೆ ನೆನಪಾದದ್ದು ಮಾತಲ್ಲ, ಕುರ್ಚಿ. ಆ ಕುರ್ಚಿಯನ್ನು ಕೊಟ್ಟವರು ನೀವು. ಕಟುವಾಗಿ ಕಂಡರೆ ಕ್ಷಮಿಸಿ, ಆದರೆ ಇದನ್ನು ಮೆತ್ತಗೆ ಹೇಳುವ ದಾರಿ ನನಗೆ ಕಾಣುತ್ತಿಲ್ಲ.

ನನಗೆ ಹಣದ ಮೇಲೆ ದ್ವೇಷವಿಲ್ಲ. ಬಡತನವನ್ನು ಹೊಗಳುವವರ ಜೊತೆಗೂ ನಾನಿಲ್ಲ. ನಾಳೆಯ ಔಷಧಿಗೆ ದುಡ್ಡಿಲ್ಲದವರಿಗೆ ಬಡತನದಲ್ಲಿ ಯಾವ ಪಾವಿತ್ರ್ಯವೂ ಕಾಣುವುದಿಲ್ಲ. ದುಡಿದು ಗಳಿಸಿದವರು ಚೆನ್ನಾಗಿ ಬಾಳಲಿ. ನನ್ನ ದೂರು ಇರುವುದು ಹಣದ ಬೆನ್ನಿಗೆ ಬರುವ ಹೆಮ್ಮೆಯ ಬಗ್ಗೆ. ನನ್ನ ಬಳಿ ಇಷ್ಟಿದೆ ಎಂಬುದು ಒಂದು ಲೆಕ್ಕ. ಆದ್ದರಿಂದ ನಾನು ಇಷ್ಟು ದೊಡ್ಡವನು ಎಂಬುದು ಲೆಕ್ಕವಲ್ಲ, ಕಲ್ಪನೆ. ಮನಸ್ಸು ಮೊದಲನೆಯದರಿಂದ ಎರಡನೆಯದಕ್ಕೆ ಎಷ್ಟು ಬೇಗ ಜಾರುತ್ತದೆ ಎಂದರೆ, ಜಾರಿದ್ದೇ ಗೊತ್ತಾಗುವುದಿಲ್ಲ. ಆ ಜಾಗದಲ್ಲಿ ನಿಂತು "ತಾಳು, ಇದು ನಿಜವಾ?" ಎಂದು ಕೇಳುವುದೇ ವಿವೇಕದ ಕೆಲಸ ಎಂದು ನೀವೇ ನಮಗೆ ಹೇಳಿಕೊಟ್ಟಿದ್ದೀರಿ.

ಈ ಹೆಮ್ಮೆಗೆ ಇನ್ನೊಂದು ಗುಣವಿದೆ. ಅದು ಒಂಟಿಯಾಗಿ ಬದುಕಲಾರದು. ಅದಕ್ಕೆ ನೋಡುವವರು ಬೇಕು. ಯಾರೂ ನೋಡದ ಕಡೆ ಒಡವೆ ಹಾಕಿಕೊಂಡು ಎಷ್ಟು ಹೊತ್ತು ಹಿಗ್ಗಲು ಸಾಧ್ಯ? ಪಕ್ಕದವರ ಕಣ್ಣಿನಲ್ಲಿ ಮೆಚ್ಚುಗೆಯೋ ಅಸೂಯೆಯೋ ಕಾಣಬೇಕು, ಆಗಲೇ ಅದಕ್ಕೆ ಉಸಿರು. ಹೊರಗಿನ ಲೋಕ ಆ ಕಣ್ಣುಗಳನ್ನು ಬೇಕಾದಷ್ಟು ಒದಗಿಸುತ್ತದೆ. ನಿಮ್ಮ ಅಂಗಳ ಒಂದಾದರೂ ಅದರಿಂದ ಹೊರತಾಗಿರಬೇಕಿತ್ತು. ಆದರೆ ನೀವು ಕೊಡುವ ಕಣ್ಣುಗಳು ಇನ್ನೂ ದೊಡ್ಡವು. ಹೊರಗೆ ಜನ ನೋಡುತ್ತಾರೆ, ಇಲ್ಲಿ ದೇವರೂ ನೋಡಿ ಮೆಚ್ಚಿದ ಹಾಗೆ ಆಗುತ್ತದೆ. ಅಂಥ ಮುದ್ರೆ ಬಿದ್ದ ಹೆಮ್ಮೆಯನ್ನು ಆಮೇಲೆ ಯಾರು ಇಳಿಸಬೇಕು?

ಗೀತೆಯ 16ನೇ ಅಧ್ಯಾಯವನ್ನು ನಿಮಗೆ ನಾನು ಹೇಳಬೇಕಿಲ್ಲ. ಹಣದ ಮದದಲ್ಲಿರುವ ಮನುಷ್ಯ ತನ್ನೊಳಗೆ ಆಡಿಕೊಳ್ಳುವ ಮಾತುಗಳು ಅಲ್ಲಿವೆ. ಇವತ್ತು ಇದು ಸಿಕ್ಕಿತು. ಈ ಹಣ ನನ್ನದಾಯಿತು, ಇನ್ನಷ್ಟೂ ನನ್ನದಾಗುತ್ತದೆ. ನಾನು ಶ್ರೀಮಂತ, ನನಗೆ ಸಮ ಯಾರಿದ್ದಾರೆ? ಇಷ್ಟನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಅದರ ಬೆನ್ನಿಗೇ ಬರುವ ಮಾತು ಮಾತ್ರ ಮರೆತುಹೋಗುತ್ತದೆ: ಯಜ್ಞ ಮಾಡುತ್ತೇನೆ, ದಾನ ಕೊಡುತ್ತೇನೆ, ಸಂತೋಷಪಡುತ್ತೇನೆ. ಅಂದರೆ ದಾನವೂ ಆ ಮದದ ಪಟ್ಟಿಯೊಳಗೇ ಇದೆ. ಇಂಥವರು ತೋರಿಕೆಗಾಗಿ, ಹೆಸರಿಗೆ ಮಾತ್ರ ಯಜ್ಞ ಮಾಡುತ್ತಾರೆ ಎಂದು ಅದೇ ಅಧ್ಯಾಯ ಮುಂದೆ ಹೇಳುತ್ತದೆ. ಇದನ್ನು ಓದಿದಾಗಲೆಲ್ಲ ನನಗೆ ಒಂದು ಪ್ರಶ್ನೆ ಬರುತ್ತದೆ. ಕೊಡುವವನ ಮನಸ್ಸಿನಲ್ಲಿ ಈ ಮಾತು ಓಡುತ್ತಿದ್ದರೆ, ಮೈಕು ಹಿಡಿದು ಅದಕ್ಕೆ ದನಿ ಸೇರಿಸುವವರ ಪಾತ್ರವೇನು?

ಇದು ಒಂದು ಮತದ ಮಾತಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ಯೇಸು ಬೆಟ್ಟದ ಮೇಲೆ ಹೇಳಿದರು. ಪ್ರವಾದಿ ಮುಹಮ್ಮದರ ಹದೀಸಿನಲ್ಲೂ ಇದೇ ಮಾತು, ಬಲಗೈ ಖರ್ಚು ಮಾಡಿದ್ದು ಎಡಗೈಗೆ ತಿಳಿಯದಷ್ಟು ಗುಟ್ಟಾಗಿ ಕೊಟ್ಟವನಿಗೆ ದೇವರ ನೆರಳು ಸಿಗುತ್ತದೆ ಎಂದು. ಜೆರುಸಲೇಮಿನ ದೇವಾಲಯದಲ್ಲಿ ಯೇಸು ಕಾಣಿಕೆ ಪೆಟ್ಟಿಗೆಯ ಎದುರು ಕೂತು ನೋಡುತ್ತಿದ್ದ ಪ್ರಸಂಗವೂ ಇದೆ. ಶ್ರೀಮಂತರು ದೊಡ್ಡ ಮೊತ್ತ ಹಾಕುತ್ತಿದ್ದರು. ಒಬ್ಬ ಬಡ ವಿಧವೆ ಎರಡು ಚಿಕ್ಕ ನಾಣ್ಯ ಹಾಕಿದಳು. ಎಲ್ಲರಿಗಿಂತ ಜಾಸ್ತಿ ಕೊಟ್ಟವಳು ಇವಳೇ ಎಂದು ಅವರು ಶಿಷ್ಯರನ್ನು ಕರೆದು ಹೇಳಿದರು. ಮಿಕ್ಕವರು ಉಳಿದದ್ದರಲ್ಲಿ ಕೊಟ್ಟಿದ್ದರು, ಇವಳು ಬದುಕಿಗೆ ಇದ್ದದ್ದನ್ನೇ ಕೊಟ್ಟಿದ್ದಳು. ಮೊತ್ತ ಓದಿ ಹೇಳುವ ಸಭೆಯಲ್ಲಿ ಆ ಹೆಂಗಸಿನ ಸರದಿ ಎಂದೂ ಬರುವುದಿಲ್ಲ, ಅಲ್ವಾ?

ನಮ್ಮ ಶರಣರ ನಡುವೆ ಆಯ್ದಕ್ಕಿ ಲಕ್ಕಮ್ಮ ಇದ್ದರು. 12ನೇ ಶತಮಾನದ ಕಲ್ಯಾಣದಲ್ಲಿ ಆಕೆಯ ಗಂಡ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಅದು ಅವರ ಕಾಯಕ. ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ತಂದರು. ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸಲಿಲ್ಲ. ಇಷ್ಟೇಕೆ ತಂದಿರಿ, ಈ ಆಸೆ ನಿಮಗೆ ಎಲ್ಲಿಂದ ಬಂತು, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬನ್ನಿ ಎಂದು ಕಳಿಸಿದರು. ಈ ಕಥೆ ಎಲ್ಲರಿಗೂ ಗೊತ್ತು. ಆದರೆ ಅಲ್ಲಿ ತಪ್ಪು ಎಷ್ಟು ಸಣ್ಣದಿತ್ತು ನೋಡಿ. ಆ ಅಕ್ಕಿ ಕದ್ದದ್ದಲ್ಲ, ಯಾರನ್ನೂ ವಂಚಿಸಿ ತಂದದ್ದಲ್ಲ. ಬೇಡಿದ್ದೂ ಅಲ್ಲ. ಆ ಮನೆಯಲ್ಲಿ ದಾಸೋಹ ನಡೆಯುತ್ತಿತ್ತು, ಹಾಗಾಗಿ ಒಳ್ಳೆಯ ಕೆಲಸಕ್ಕೇ ಎಂದು ಸಮಾಧಾನ ಹೇಳಿಕೊಳ್ಳುವುದು ಸುಲಭವಿತ್ತು. ಲಕ್ಕಮ್ಮ ಆ ಸಮಾಧಾನಕ್ಕೆ ಸೋಲಲಿಲ್ಲ. ಕೈ ಯಾಕೆ ಎರಡನೇ ಸಲ ಚಾಚಿತು ಎಂದು ಕೇಳಿದರು. ಅಷ್ಟು ನಯವಾದ ಕಣ್ಣು ಒಬ್ಬ ಬಡ ಹೆಣ್ಣುಮಗಳಿಗಿತ್ತು. ಗಳಿಸಿ ಆದ ಮೇಲೆ, ಬಿಡುವಾದಾಗ ಕಲಿಯುವ ವಿದ್ಯೆ ವಿವೇಕ ಎಂದು ನಂಬಿರುವವರಿಗೆ ಈಕೆಯ ಬದುಕನ್ನು ಇನ್ನೊಮ್ಮೆ ಹೇಳಬೇಕು.

ನೀವು ಕೇಳಬಹುದಾದ ಪ್ರಶ್ನೆ ನನಗೆ ಗೊತ್ತು. ಹಣವಿಲ್ಲದೆ ಸಂಸ್ಥೆ ನಡೆಯುವುದು ಹೇಗೆ? ಕಟ್ಟಡ, ಕೆಲಸದವರ ಸಂಬಳ, ಓದಿಸುವ ಮಕ್ಕಳು, ಬರುವ ರೋಗಿಗಳು, ಎಲ್ಲಕ್ಕೂ ಖರ್ಚಿದೆ. ನಿಜ. ಈ ಪ್ರಶ್ನೆ ತುಂಬಾ ಹಳೆಯದು. ಬುದ್ಧನ ಪರಿನಿರ್ವಾಣದ ಸುಮಾರು 100 ವರ್ಷಗಳ ನಂತರ ವೈಶಾಲಿಯಲ್ಲಿ ನಡೆದದ್ದನ್ನು ಬೌದ್ಧ ಪರಂಪರೆ ದಾಖಲಿಸಿದೆ. ಅಲ್ಲಿನ ಭಿಕ್ಷುಗಳು ಉಪೋಸಥದ ದಿನ, ಅಂದರೆ ಸಂಘವೆಲ್ಲ ಸೇರುವ ವ್ರತದ ದಿನ, ಒಂದು ಲೋಹದ ಪಾತ್ರೆಯಲ್ಲಿ ನೀರು ತುಂಬಿಸಿ ಸಂಘದ ನಡುವೆ ಇಡುತ್ತಿದ್ದರು. ಬಂದ ಗೃಹಸ್ಥರಿಗೆ, ಸಂಘಕ್ಕೆ ಬೇಕಾದ ವಸ್ತುಗಳಿವೆ, ಇದರಲ್ಲಿ ನಾಣ್ಯ ಹಾಕಿ ಎನ್ನುತ್ತಿದ್ದರು. ಯಶ ಎಂಬ ಭಿಕ್ಷು ಅಲ್ಲಿಗೆ ಬಂದವನು ಇದನ್ನು ನೋಡಿ ಜನರಿಗೆ ನೇರವಾಗಿ ಹೇಳಿದ, ಕೊಡಬೇಡಿ, ಭಿಕ್ಷುಗಳು ಚಿನ್ನ ಬೆಳ್ಳಿ ಮುಟ್ಟುವ ಹಾಗಿಲ್ಲ ಎಂದು. ಆದರೂ ಜನ ಕೊಟ್ಟರು. ಭಿಕ್ಷುಗಳು ಹಂಚಿಕೊಂಡರು, ಯಶನಿಗೂ ಅವನ ಪಾಲು ತಂದರು. ಅವನು ಮುಟ್ಟಲಿಲ್ಲ. ಭಕ್ತರ ಮನಸ್ಸು ನೋಯಿಸಿದ್ದಕ್ಕೆ ಹೋಗಿ ಕ್ಷಮೆ ಕೇಳಬೇಕು ಎಂದು ಅವನಿಗೇ ಶಿಕ್ಷೆ ವಿಧಿಸಿದರು. ಯಶ ಹೋದ. ಕ್ಷಮೆ ಕೇಳುವ ಬದಲು ಬುದ್ಧ ಏನು ಹೇಳಿದ್ದ ಎಂಬುದನ್ನು ಜನರಿಗೆ ವಿವರಿಸಿ ಹೇಳಿದ. ಜನ ಒಪ್ಪಿದರು. ಕೊನೆಗೆ 700 ಭಿಕ್ಷುಗಳು ಸೇರಿದ ಸಭೆ ಹಣ ಪಡೆಯುವುದೂ ಸೇರಿ ಆ ಭಿಕ್ಷುಗಳ ಹತ್ತು ಆಚರಣೆಗಳನ್ನು ತಳ್ಳಿಹಾಕಿತು.

ಈ ಪ್ರಸಂಗವನ್ನು ನಾನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣವಿದೆ. ಸಂಘಕ್ಕೆ ಬೇಕು ಎಂಬ ಮಾತು ಸುಳ್ಳಾಗಿರಲಿಲ್ಲ. ಬೇಕಿತ್ತೋ ಏನೋ. ಆದರೂ ಒಬ್ಬ ಭಿಕ್ಷುವಿಗೆ ಅಲ್ಲಿ ಏನೋ ಕೆಡುತ್ತಿದೆ ಎಂದು ಕಂಡಿತು, ಅವನು ಹೇಳಿದ, ಹೇಳಿದ್ದಕ್ಕೆ ಶಿಕ್ಷೆಯೂ ಸಿಕ್ಕಿತು. ನಿಮ್ಮ ಸಂಸ್ಥೆಗಳಲ್ಲಿ ಇವತ್ತು ಯಶನಂಥ ಒಬ್ಬರು ಎದ್ದು ಮಾತಾಡಿದರೆ ಏನಾಗುತ್ತದೆ? ಕಾಲ ಬದಲಾಗಿದೆ, ಸಂಸ್ಥೆಗಳು ಹಣ ಮುಟ್ಟಲೇಬಾರದು ಎಂದು ನಾನು ವಾದಿಸುವುದಿಲ್ಲ. ಹಣ ತೆಗೆದುಕೊಳ್ಳಿ. ಅದರ ಜೊತೆ ಹೆಮ್ಮೆಯನ್ನು ಮಾರಬೇಡಿ ಎಂದಷ್ಟೇ ಕೇಳುತ್ತಿದ್ದೇನೆ. ಹೆಸರು ಹೇಳದಿದ್ದರೆ ಕೊಡುವುದಿಲ್ಲ ಎನ್ನುವವರು ಇದ್ದಾರೆ, ಅದೂ ನಿಜ. ಅವರು ಕೊಡದಿದ್ದರೆ ಕಟ್ಟಡ ಚಿಕ್ಕದಾಗುತ್ತದೆ. ಆಗಲಿ ಬಿಡಿ. ಇಟಲಿಯ ಕ್ರೈಸ್ತ ಸಂತ ಅಸ್ಸಿಸಿಯ ಫ್ರಾನ್ಸಿಸ್ 1206ರಲ್ಲಿ ವ್ಯಾಪಾರಿಯಾದ ತಂದೆಗೆ ಮೈಮೇಲಿನ ಬಟ್ಟೆಯನ್ನೂ ಬಿಚ್ಚಿ ಕೊಟ್ಟು ಹೊರಟವರು. 1226ರಲ್ಲಿ ತೀರಿಕೊಂಡರು. 1228ರಲ್ಲೇ ಅವರ ಹೆಸರಿನ ಭವ್ಯ ಚರ್ಚಿಗೆ ಅಡಿಗಲ್ಲು ಬಿತ್ತು. ಕಟ್ಟಿದವರ ಭಕ್ತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಎರಡೇ ವರ್ಷ. ಒಳ್ಳೆಯ ಮನಸ್ಸಿನವರ ಕೈಯಲ್ಲೂ ಸಂಸ್ಥೆಗಳು ಎಷ್ಟು ಬೇಗ ದೊಡ್ಡ ಕಲ್ಲುಗಳ ಕಡೆ ತಿರುಗುತ್ತವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಜನಕ ಮಹಾರಾಜನ ಮಾತೂ ಬರುತ್ತದೆ. ಮಿಥಿಲೆ ಹೊತ್ತಿ ಉರಿದರೂ ನನ್ನದೇನೂ ಸುಡುವುದಿಲ್ಲ ಎಂದವನು ಅವನು. ರಾಜ್ಯವಾಳುತ್ತಲೇ ಅಂಟಿಕೊಳ್ಳದೆ ಇದ್ದ. ಶ್ರೀಮಂತ ಭಕ್ತರನ್ನು ಹೊಗಳುವಾಗ ವೇದಿಕೆಯಿಂದ ಈ ಹೋಲಿಕೆ ಪದೇ ಪದೇ ಕೇಳಿಬರುತ್ತದೆ. ಆದರೆ ಉರಿ ಬೀಳುವ ಮೊದಲೇ ಯಾರನ್ನಾದರೂ ಜನಕ ಎಂದು ಕರೆಯುವುದು ಅವರಿಗೆ ಮಾಡುವ ಉಪಕಾರವಲ್ಲ. ನಾನು ಅಂಟಿಕೊಂಡಿಲ್ಲ ಎಂದು ಹೇಳಿಕೊಳ್ಳಲು ಏನೂ ಖರ್ಚಿಲ್ಲ. ಅಂಟು ಎಷ್ಟಿದೆ ಎಂದು ತಿಳಿಯುವುದು ಸಣ್ಣ ಜಾಗಗಳಲ್ಲಿ. ಸಾಲಿನಲ್ಲಿ ಕಾಯಲು ಹೇಳಿದಾಗ ಮೈ ಉರಿಯುತ್ತದಾ? ತನಗಿಂತ ಕಡಿಮೆ ಇರುವವರು ಬುದ್ಧಿ ಹೇಳಿದರೆ ಕೇಳಲು ಆಗುತ್ತದಾ? ಹೆಸರು ಬಿಟ್ಟುಹೋದರೆ ಎಷ್ಟು ದಿನ ಕೊರೆಯುತ್ತದೆ? ನೆರೆಯವರು ತನಗಿಂತ ದೊಡ್ಡ ಮನೆ ಕಟ್ಟಿದ ದಿನ ತನ್ನ ಮನೆ ಇದ್ದಕ್ಕಿದ್ದ ಹಾಗೆ ಚಿಕ್ಕದಾಗಿ ಕಂಡಿತಾ? ಈ ಪ್ರಶ್ನೆಗಳನ್ನು ಕೇಳಿಕೊಳ್ಳುವ ಅವಕಾಶವನ್ನೇ ಮುಂದಿನ ಸಾಲು ಕಿತ್ತುಕೊಳ್ಳುತ್ತದೆ. ಅಲ್ಲಿ ಕೂತವರಿಗೆ ಕಾಯುವ ಪ್ರಸಂಗವೇ ಬರುವುದಿಲ್ಲ. ಎಲ್ಲರಿಗಿಂತ ಜಾಸ್ತಿ ನಷ್ಟ ಆಗುತ್ತಿರುವುದು ಅವರಿಗೇ, ಇದನ್ನು ದಯವಿಟ್ಟು ಗಮನಿಸಿ.

ಬಿಟ್ಟವರ ಹೆಮ್ಮೆಯ ಬಗ್ಗೆಯೂ ಒಂದು ಮಾತು. ನಾನು ಎಲ್ಲ ತೊರೆದವನು, ನನಗೇನೂ ಬೇಡ ಎಂದು ಎದೆ ಸೆಟೆಸಿ ನಡೆಯುವುದೂ ಸಂಪತ್ತಿನ ಹೆಮ್ಮೆಯೇ. ಹಿಡಿದದ್ದು ಬೇರೆ, ಹಿಡಿತ ಅದೇ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಇನ್ನೊಂದು ಮಾತು ನನಗೆ ತುಂಬಾ ನೋವು ಕೊಟ್ಟಿದೆ. ಹಣ ಬಂದದ್ದು ದೇವರ ಕೃಪೆಯ ಗುರುತು, ಹಣವಿಲ್ಲದ್ದು ಹಿಂದೆ ಮಾಡಿದ ಪಾಪದ ಗುರುತು ಎಂದು ಕೆಲವು ವೇದಿಕೆಗಳಿಂದ ಕೇಳಿದ್ದೇನೆ. ಇದನ್ನು ಹೇಳುವಾಗ ಎದುರಿಗೆ ಯಾರೆಲ್ಲ ಕೂತಿದ್ದಾರೆ ಎಂದು ಒಮ್ಮೆ ನೋಡಬೇಕು. ಸಾಲದಲ್ಲಿ ಮುಳುಗಿದವರು ಇರುತ್ತಾರೆ. ಮಗುವಿನ ಕಾಯಿಲೆಗೆ ಇದ್ದದ್ದನ್ನೆಲ್ಲ ಮಾರಿದವರು ಇರುತ್ತಾರೆ. ಅವರ ಕೈ ಬರಿದಾದದ್ದು ಸಾಲದೆಂದು ದೇವರೂ ಅವರಿಂದ ಮುಖ ತಿರುಗಿಸಿದ್ದಾನೆ ಎಂದು ಹೇಳಿ ಕಳಿಸಿದಂತಾಗುತ್ತದೆ. ಇದ್ದವರಿಗೂ ಈ ಮಾತು ಒಳ್ಳೆಯದು ಮಾಡುವುದಿಲ್ಲ. ಗಳಿಕೆಯಲ್ಲಿ ಅದೃಷ್ಟವೆಷ್ಟು, ಬೇರೆಯವರ ಬೆವರೆಷ್ಟು, ಹುಟ್ಟಿದ ಮನೆಯ ಅನುಕೂಲವೆಷ್ಟು ಎಂದು ಯೋಚಿಸುವ ಬಾಗಿಲನ್ನೇ ಅದು ಮುಚ್ಚಿಬಿಡುತ್ತದೆ.

ಉಪನಿಷತ್ತಿನ ಋಷಿ ಯಾಜ್ಞವಲ್ಕ್ಯರು ಮನೆ ಬಿಟ್ಟು ಹೊರಡುವಾಗ ಇದ್ದ ಆಸ್ತಿಯನ್ನು ಇಬ್ಬರು ಹೆಂಡತಿಯರಿಗೆ ಹಂಚಲು ಹೊರಟರು. ಮೈತ್ರೇಯಿ ಕೇಳಿದಳು, ಸಂಪತ್ತಿನಿಂದ ತುಂಬಿದ ಈ ಭೂಮಿಯೆಲ್ಲ ನನ್ನದಾದರೂ ಅದರಿಂದ ನಾನು ಸಾವನ್ನು ದಾಟುತ್ತೇನಾ ಎಂದು. ಇಲ್ಲ ಎಂದರು ಅವರು. ಅನುಕೂಲ ಇರುವವರ ಬದುಕು ಹೇಗಿರುತ್ತದೋ ನಿನ್ನದೂ ಹಾಗಿರುತ್ತದೆ, ಅಮರತ್ವದ ಆಸೆಯನ್ನು ಮಾತ್ರ ಹಣದಿಂದ ಇಟ್ಟುಕೊಳ್ಳಬೇಡ ಎಂದರು. ನನಗೆ ಈ ಉತ್ತರದ ಹದ ತುಂಬಾ ಇಷ್ಟ. ಹಣವನ್ನು ಅವರು ಬೈಯಲಿಲ್ಲ. (ಜನಕನ ಸಭೆಯಲ್ಲಿ ಕೊಂಬಿಗೆ ಚಿನ್ನ ಕಟ್ಟಿದ 1000 ಹಸುಗಳನ್ನು ವಾದಕ್ಕೂ ಮೊದಲೇ ಮನೆಗೆ ಹೊಡೆಸಿಕೊಂಡು ಹೋಗಲು ಶಿಷ್ಯನಿಗೆ ಹೇಳಿದವರೂ ಅವರೇ.) ಅದು ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂದು ಕೇಳಿದವಳಿಗೆ ನೇರವಾಗಿ ಹೇಳಿದರು. ನಿಮ್ಮ ಬಳಿ ಬರುವ ಶ್ರೀಮಂತರಿಗೆ ನೀವೂ ಇಷ್ಟು ನೇರವಾಗಿ ಹೇಳಬೇಕೆಂದು ನನ್ನ ಮೊದಲ ಬೇಡಿಕೆ. ಅವರ ಸುತ್ತ ಹೊಗಳುವವರು ಬೇಕಾದಷ್ಟು ಇದ್ದಾರೆ. ನಿಜ ಹೇಳಲು ಧೈರ್ಯವಿರುವ ಒಬ್ಬರನ್ನು ಹುಡುಕಿಕೊಂಡೇ ಎಷ್ಟೋ ಜನ ನಿಮ್ಮ ಹತ್ತಿರ ಬಂದಿರುತ್ತಾರೆ.

ಸಭೆಯಲ್ಲಿ ಜಾಗ ಬಂದವರಿಗೆ ಬಂದ ಹಾಗೆ ಸಿಗಲಿ. ಮುಂದಿನ ಸಾಲು ಯಾರಿಗಾದರೂ ಮೀಸಲಿಡಲೇಬೇಕು ಎಂದಿದ್ದರೆ ಕಿವಿ ಮಂದವಾದವರಿಗೆ, ಕಣ್ಣು ಮಂದವಾದವರಿಗೆ, ತುಂಬಾ ಹೊತ್ತು ನಿಲ್ಲಲಾಗದವರಿಗೆ ಇಡಿ. ಮೊತ್ತ ಓದಿ ಹೇಳುವುದನ್ನು ನಿಲ್ಲಿಸಿ. ಕೊಟ್ಟವರಿಗೆ ರಸೀದಿ ಕೊಡಿ, ಮನಸಾರೆ ಕೃತಜ್ಞತೆ ಹೇಳಿ, ಅದು ಅವರಿಗೂ ನಿಮಗೂ ನಡುವೆ ಇರಲಿ. ಹಳೆಯ ಹೆಸರಿನ ಕಲ್ಲುಗಳನ್ನು ಒಡೆಯಿರಿ ಎಂದು ನಾನು ಹೇಳುವುದಿಲ್ಲ. ಹೊಸದನ್ನು ಹಾಕಬೇಡಿ, ಅಷ್ಟು ಸಾಕು. ಗುರುಗಳನ್ನು ಒಬ್ಬರೇ ಕಂಡು ಮಾತಾಡುವ ಸಮಯವೂ ದಾನದ ಅಳತೆಯಲ್ಲಿ ಹಂಚಿಹೋಗಬಾರದು. ಸುಮ್ನೆ ಅಳಲು ಬಂದವರಿಗೆ ಐದು ನಿಮಿಷ ಸಿಗದೆ, ಫೋಟೋಗೆ ಬಂದವರಿಗೆ ಅರ್ಧ ಗಂಟೆ ಸಿಕ್ಕದ್ದನ್ನು ನಾನು ನೋಡಿದ್ದೇನೆ.

ಯಾರಾದರೂ ಭಕ್ತರು ಇದ್ದಕ್ಕಿದ್ದ ಹಾಗೆ ಬರುವುದನ್ನು ನಿಲ್ಲಿಸಿದರೆ ವಿಚಾರಿಸಿ. ಹಣ ಕಳೆದುಕೊಂಡವರ ಮನೆಗೆ ನೀವೇ ಹೋಗಿ. ಗೃಹಪ್ರವೇಶಕ್ಕೆ ಹೋದಷ್ಟೇ ಪ್ರೀತಿಯಿಂದ ಮನೆ ಕಳೆದುಕೊಂಡವರ ಬಳಿಗೂ ಹೋಗಿ. ಅಂಥ ಒಂದು ಭೇಟಿ ಒಂದು ವರ್ಷದ ಪ್ರವಚನಕ್ಕಿಂತ ಜಾಸ್ತಿ ಕಲಿಸುತ್ತದೆ ಎಂದು ನನ್ನ ನಂಬಿಕೆ.

ಯುವಕರಿಗೆ ಸಂಪತ್ತು ನಶ್ವರ ಎಂದು ಹೇಳಿ ಬಿಟ್ಟರೆ ಅವರಿಗೆ ಏನೂ ಆಗುವುದಿಲ್ಲ. ಅದು ಅವರಿಗೆ ಬಾಯಿಪಾಠವಾಗಿದೆ. ಅದರ ಬದಲು ಮನಸ್ಸನ್ನು ನೋಡಿಕೊಳ್ಳುವ ಅಭ್ಯಾಸ ಮಾಡಿಸಿ. ಬೇಕು ಎಂದುಕೊಂಡದ್ದು ಕೈಗೆ ಬಂದ ಮೇಲೆ ಸಂತೋಷ ಎಷ್ಟು ಹೊತ್ತು ನಿಂತಿತು, ಯಾವಾಗ ಇಳಿಯಿತು, ಇಳಿದ ಮೇಲೆ ಮನಸ್ಸು ಎಲ್ಲಿಗೆ ಓಡಿತು ಎಂದು ಅವರೇ ನೋಡಿಕೊಳ್ಳಲಿ. ಒಬ್ಬರನ್ನು ಕಂಡ ತಕ್ಷಣ ಅವರ ಬಟ್ಟೆ, ಗಾಡಿ ನೋಡಿ ತಮ್ಮ ದನಿ ಹೇಗೆ ಬದಲಾಯಿತು ಎಂದು ಗಮನಿಸಲಿ. ಯಾರೂ ಅವರಿಗೆ ತೀರ್ಪು ಕೊಡುವುದು ಬೇಡ. ಕೆಲವು ತಿಂಗಳು ನೋಡಿಕೊಂಡರೆ ಅವರಿಗೇ ಕಾಣುತ್ತದೆ. ಹಾಗೆ ಕಂಡದ್ದನ್ನು ಯಾವ ಜಾಹೀರಾತೂ ಅಳಿಸಲಾರದು.

ಕೊನೆಯದು ಲೆಕ್ಕದ ವಿಷಯ. ಯಾರು ಎಷ್ಟು ಕೊಟ್ಟರು ಎಂಬುದು ನಮಗೆ ಬೇಡ. ಒಟ್ಟು ಎಷ್ಟು ಬಂತು, ಯಾವ ಕೆಲಸಕ್ಕೆ ಎಷ್ಟು ಹೋಯಿತು, ಗುರುಗಳ ವಾಹನ, ಪ್ರಯಾಣ, ವೇದಿಕೆಯ ಅಲಂಕಾರಕ್ಕೆ ಎಷ್ಟು ಖರ್ಚಾಯಿತು ಎಂಬುದನ್ನು ವರ್ಷಕ್ಕೊಮ್ಮೆ ಎಲ್ಲರೂ ಓದುವ ಹಾಗೆ ಗೋಡೆಗೆ ಹಾಕಿ. ಎರಡು ನಾಣ್ಯ ಕೊಟ್ಟವರಿಗೂ ಅದನ್ನು ಓದುವ ಹಕ್ಕಿದೆ.

ಈ ಬೇಡಿಕೆಗಳಲ್ಲಿ ಯಾವುದನ್ನು ಮಾಡಬಹುದು, ಯಾವುದನ್ನು ಆಗುವುದಿಲ್ಲ ಎನ್ನುತ್ತೀರಿ, ಆಗದಿದ್ದರೆ ಕಾರಣವೇನು ಎಂಬುದನ್ನು ನಿಮ್ಮ ಮುಂದಿನ ಸಭೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಬೇಕೆಂದು ವಿನಂತಿ. ನನಗೆ ಬೇರೆಯಾಗಿ ಉತ್ತರ ಬರೆಯುವುದು ಬೇಡ.

ಇಂತಿ,
ನಿಮ್ಮ ಸಭೆಗಳಿಗೆ ಬರುವ ಒಬ್ಬ ಕೇಳುಗ